ಥೋಮಸಿನ್ ಉಸಿರು ತೆಗೆದುಕೊಂಡ ಜಾಗ

ನಮ್ಮ ನಾರ್ಫಕ್ ಸೀಮೆಯಲ್ಲಿ ಉಣ್ಣೆ ನೂಲುವ ಹೆಂಗಸರು ಬೇಕಾದಷ್ಟಿದ್ದರು, ಥೋಮಸಿನ್‌ಳಂಥ ಬಾಯಿ ಮಾತ್ರ ಇನ್ನೊಬ್ಬಳಿಗಿರಲಿಲ್ಲ. ದೇವರ ಮಾತು ನಮಗೆ ತಿಳಿಯುವ ಇಂಗ್ಲಿಷಿನಲ್ಲಿರಬೇಕು, ಪಾದ್ರಿಗಳು ಲ್ಯಾಟಿನ್ ಗೊಣಗಿಯೇ ಹೊಟ್ಟೆ ಹೊರೆಯುತ್ತಾರೆ ಎಂದು ಪಕ್ಕದ ಮನೆಯ ನನ್ನ ತಲೆ ತಿನ್ನುತ್ತಿದ್ದಳು. ಇಂಥವರನ್ನು ಲೊಲಾರ್ಡರು ಎಂದು ಜನ ಬೈಯುತ್ತಿದ್ದರು. ಒಮ್ಮೆ ಬಿಷಪ್ಪನ ಕಡೆಯವರಿಗೆ ಸಿಕ್ಕಿಬಿದ್ದು, ತಪ್ಪೊಪ್ಪಿಕೊಂಡು ಪಾರಾಗಿದ್ದಳು. ಮತ್ತೆ ಸಿಕ್ಕರೆ ಬೆಂಕಿಯೇ ಗತಿ.

ಯಾವನೋ ಮನೆಹಾಳ ಮತ್ತೆ ಚಾಡಿ ಹೇಳಿದ. ಬಿಷಪ್ಪನ ವಿಚಾರಣೆಗಾರ ಬಂದು 'ಪರಲೋಕದ ತಂದೆ' ಪ್ರಾರ್ಥನೆಯನ್ನು ಲ್ಯಾಟಿನ್ನಿನಲ್ಲಿ ಹೇಳಿಸುತ್ತಾನೆ, ಹೇಳಿದರೆ ಬದುಕಿದಳು ಎಂದು ಸುದ್ದಿ ಬಂತು. ಇವಳಿಗೋ ಅದು ಬಾರದು. ಅವಳ ಅತ್ತೆ ಎಮ್ಮಟ್ ಹಟ ಹಿಡಿದು ಕಲಿಸಲು ಕೂತಳು. ನಾವೆಲ್ಲ ಕೇಳಿ ಕಲಿತವರು, ಅರ್ಧ ಪದ ನುಂಗಿ ಒಂದೇ ಉಸಿರಿಗೆ ಒದರುವವರು. ಸೊಸೆ ಪದಪದಕ್ಕೂ ಅರ್ಥ ಕೇಳುತ್ತಿದ್ದಳು.

"ಅರ್ಥ ಕಟ್ಕೊಂಡು ಏನ್ ಮಾಡ್ತೀಯೇ? ಗಿಣಿ ಹಾಗೆ ಹೇಳು, ಸಾಕು."

"ಅರ್ಥ ಗೊತ್ತಾಗ್ದೆ ನಾಲಿಗೆಗೆ ಹತ್ತಲ್ಲ, ಅತ್ತೆ."

ಕೊನೆಗೆ ತನಗೆ ಬಾಯಿಪಾಠವಾಗಿದ್ದ ಇಂಗ್ಲಿಷ್ ಪ್ರಾರ್ಥನೆಯ ಜೊತೆ ಸಾಲಿಗೆ ಸಾಲು ಜೋಡಿಸಿಕೊಂಡು ಕಲಿತಳು.

ವಿಚಾರಣೆಯ ದಿನ ಒಂದಕ್ಷರ ತಪ್ಪಲಿಲ್ಲ. ಎಮ್ಮಟ್ ಕಣ್ಣೊರೆಸಿಕೊಂಡಳು. ವಿಚಾರಣೆಗಾರ ಮಾತ್ರ ಇನ್ನೊಮ್ಮೆ ಹೇಳಿಸಿದ. ಕ್ಷಮೆ ಬೇಡುವ ಸಾಲು ಮುಗಿದಾಗ ಥೋಮಸಿನ್ ಮೊದಲ ಸಲದಂತೆ ಈ ಸಲವೂ ಅಲ್ಲೇ ನಿಂತು ಉಸಿರು ತೆಗೆದುಕೊಂಡಳು.

"ಅಲ್ಲಿ ಯಾಕಮ್ಮ ನಿಂತೆ? ಈ ಊರಲ್ಲಿ ಯಾರೂ ನಿಲ್ಲಲ್ವಲ್ಲ."

"ತಪ್ಪು ಕ್ಷಮಿಸು ಅಂತ ಬೇಡ್ಕೊಳ್ಳೋ ಮಾತಲ್ವಾ, ಸ್ವಾಮಿ," ಎಂದುಬಿಟ್ಟಳು, ಪಾಪದ್ದು.

ಅರ್ಥ ಎಲ್ಲಿ ಕಲಿತೆ ಎಂದು ಅವನು ಕೇಳಲೂ ಇಲ್ಲ. ಅದನ್ನು ಕಲಿಸುವವರು ಲೊಲಾರ್ಡರು ಮಾತ್ರ ಎಂದು ಅವನಿಗೆ ಗೊತ್ತಿತ್ತು.

ಸುಡುವ ದಿನ ಸೌದೆ ತಂದವರ ಪಾಪ ಕಳೆಯುತ್ತದೆ ಎಂದು ಸಾರಿದರು. ಊರೆಲ್ಲ ತಂತು, ನಾನೂ ತಂದೆ. ಥೂ, ಎಂಥ ಪುಣ್ಯವೋ ಅದು! ಎಮ್ಮಟ್ ಚೆನ್ನಾಗಿ ಒಣಗಿದ ಸೌದೆಯನ್ನೇ ಆರಿಸಿ ಹೊತ್ತು ತಂದಳು. ಬೇಗ ಹತ್ತಿಕೊಂಡರೆ ಸೊಸೆ ಬೇಗ ಹೋಗುತ್ತಾಳೆ ಎಂಬುದಷ್ಟೇ ಅವಳ ಲೆಕ್ಕ. ವಿಚಾರಣೆಗಾರ ಒಂದು ಕಡ್ಡಿ ಲಟಕ್ಕನೆ ಮುರಿದು ನೋಡಿದ.

"ಇದು ಬೇಡ, ಅಜ್ಜಿ. ಅವಳು ಪಶ್ಚಾತ್ತಾಪ ಪಡೋಕೆ ಹೊತ್ತು ಬೇಕು. ಹಸಿ ಸೌದೆ ತಾ."

ಥೋಮಸಿನ್‌ಳ ಇಬ್ಬರು ಮಕ್ಕಳು ಅವನ ಆಳಿನ ಹಿಡಿತದಲ್ಲಿದ್ದರು. ಎಮ್ಮಟ್ ಅವರನ್ನು ನೋಡಿದಳು. ಮನೆಗೆ ಹೋಗಿ, ಹಿತ್ತಲ ಮರ ಕಡಿದು, ಹಸಿ ಸೌದೆಯನ್ನೇ ತಂದಳು.