ತಪಾಸಣೆಯ ದಿನ ತೆಗೆದ ಕೀಲಿ

ನಮ್ಮ ಮೈದುನ ಗೇಟು ನೋಡಿಯೇ ಶಾಲೆಯ ಗುಣ ಹೇಳುತ್ತಾನೆ. ಅವನಿಗೆ ಖಡಕಿಯ ಕಾರ್ಖಾನೆಯಲ್ಲಿ ಕೆಲಸ. ದಿನಾ ದೊಡ್ಡ ಗೇಟಿನಲ್ಲಿ ಕಾರ್ಡು ತೋರಿಸಿ ಒಳಗೆ ಹೋಗಿ ಹೋಗಿ, ಗೇಟು ಗಟ್ಟಿ ಇದ್ದರೆ ಒಳಗಿರುವುದೆಲ್ಲ ಗಟ್ಟಿ ಎಂದು ನಂಬಿಬಿಟ್ಟಿದ್ದಾನೆ. ಮಗಳನ್ನು ಐದನೆಯ ತರಗತಿಗೆ ಪುಣೆಯ ಯೆರವಡಾದಲ್ಲಿ ನಮ್ಮ ಮನೆಯ ಹತ್ತಿರದ ಪಾಲಿಕೆ ಶಾಲೆಗೆ ಹಾಕಿದೆವು ಎಂದು ತಿಳಿದು, ಒಂದು ಭಾನುವಾರ ಬಂದ. ರಜೆಯ ದಿನ ಶಾಲೆಯ ಹೊರಗೆ ಒಂದು ಸುತ್ತು ಹಾಕಿ, ತುಕ್ಕು ಹಿಡಿದ ಗೇಟನ್ನು ಅಲ್ಲಾಡಿಸಿ ನೋಡಿ, ಅಲ್ಲೇ, ಅತ್ತಿಗೆಯಾದ ನನ್ನ ಮುಂದೆ, ತೀರ್ಪು ಕೊಟ್ಟ.

“ವೈನಿ, ಇದೇನ್ ಸಾಲಿ ಅದ ಏನ್ ಗೋದಾಮ?”

ನಮ್ಮ ಅತ್ತೆಯವರದು ಇನ್ನೊಂದು ಅಳತೆ. ವಿಜಯಪುರದ ಬಸ್ಸಿನಲ್ಲಿ ಬಂದು ಸ್ವಾರಗೇಟ್ ನಿಲ್ದಾಣದಲ್ಲಿ ಇಳಿದವರು, ಮನೆಗೆ ಬಂದು ಕಾಲು ತೊಳೆಯುವ ಮೊದಲೇ ಮಾಸ್ತರು ಬಡಿಯುತ್ತಾರೋ ಇಲ್ಲವೋ ಎಂದು ಕೇಳಿದರು. ಬಡಿಯುವುದಿಲ್ಲ ಎಂದೆ. “ಹಂಗಾರ ಏನ್ ಕಲಸ್ತಾರ?” ಎಂದು ಸೀರೆಯ ಸೆರಗಿನಿಂದ ಮುಖ ಒರೆಸಿಕೊಂಡರು. ಅಲ್ಲಿಗೆ ಶಾಲೆಯ ಕಥೆ ಮುಗಿಯಿತು. ಪಕ್ಕದ ಮನೆಯವಳಿಗೆ ಇಂಗ್ಲಿಷು ಬೇಕು, ಮೇಲಿನ ಮನೆಯವಳಿಗೆ ಟೈ ಬೇಕು. ಟೈ ಕಟ್ಟಿದ ಹುಡುಗ ಹಾಳಾಗುವುದಿಲ್ಲವಂತೆ. ನಮ್ಮ ಓಣಿಯಲ್ಲಿ ಟೈ ಕಟ್ಟಿ ಹಾಳಾದವರನ್ನು ನಾನು ಬೆರಳು ಮಡಚಿ ತೋರಿಸಬಲ್ಲೆ, ಆದರೆ ಯಾರ ಮುಂದೆ ಹೇಳಲಿ.

ನಾನು ಮನೆಯಲ್ಲಿ ಬ್ಲೌಸು ಹೊಲಿಯುವವಳು. ಟೇಪು ಹಿಡಿಯದೆ ಕಣ್ಣಂದಾಜಿನಲ್ಲಿ ಅಳತೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಶಾಲೆಯೊಳಗೆ ಕಾಲಿಡದೆ ಶಾಲೆ ಹೀಗೆ, ಶಾಲೆ ಹಾಗೆ ಎನ್ನುವವರೂ ಅದೇ ಜಾತಿಯವರು.

ಒಳಗೆ ಹೋಗಿ ನೋಡಿದವಳು ನಾನು. ಪಾಠ ಚೆನ್ನಾಗಿತ್ತು. ಸುಮ್ಮನೆ ಹೇಳುತ್ತಿಲ್ಲ, ನಿಜವಾಗಿಯೂ ಚೆನ್ನಾಗಿತ್ತು. ವಿಜ್ಞಾನದ ಬಾಯಿಯವರು (ಇಲ್ಲಿ ಟೀಚರಮ್ಮನಿಗೆ ಹಾಗೆನ್ನುತ್ತಾರೆ) ಮಕ್ಕಳಿಂದ ಕಾಗದಕ್ಕೆ ಅರಿಶಿನ ಹಚ್ಚಿಸಿ, ಸಾಬೂನಿನ ನೀರು ಹಾಕಿಸಿ, ಅದು ಕೆಂಪಗಾಗುವುದನ್ನು ತೋರಿಸಿದ್ದರು. ಮಗಳು ಮನೆಗೆ ಬಂದು ಅದೇ ಪ್ರಯೋಗವನ್ನು ಗಿರಾಕಿಯೊಬ್ಬರ ಬಿಳಿ ಲೈನಿಂಗ್ ಬಟ್ಟೆಯ ಮೇಲೆ ಮಾಡಿದಳು. ಬೈದೆ, ಬೆನ್ನಿಗೆ ಒಂದು ಕೊಟ್ಟೆ, ಆಮೇಲೆ ನನಗೇ ಖುಷಿಯಾಯಿತು. ಓಣಿಯ ಖಾಸಗಿ ಶಾಲೆಯಲ್ಲಿ ನಾಲ್ಕು ವರ್ಷ ಕಳೆದರೂ ಅವಳು ಮನೆಗೆ ಬಂದು ಒಂದು ಪ್ರಶ್ನೆ ಕೇಳಿದವಳಲ್ಲ. ಇಲ್ಲಿ ಜ್ವರ ಬಂದ ದಿನವೂ ಶಾಲೆಗೆ ಹೋಗುತ್ತೇನೆಂದು ಅಳುತ್ತಿದ್ದಳು.

ಆದರೆ ನೀರಿನ ಬಾಟಲಿ ತುಂಬಿದ್ದು ತುಂಬಿದಂತೆಯೇ ಮನೆಗೆ ಬರುತ್ತಿತ್ತು.

ಮೊದಮೊದಲು ಮರೆತಳೆಂದುಕೊಂಡೆ. ಬೈದೆ. ಆಮೇಲೆ ಅವಳಿಗೆ ಉರಿಮೂತ್ರ ಬಂತು. ಔಷಧ ಕೊಟ್ಟೆವು, ಹೋಯಿತು. ದೀಪಾವಳಿಯ ನಂತರ ಮತ್ತೆ ಬಂತು, ಈ ಸಲ ಚಳಿಜ್ವರದ ಜೊತೆಗೆ. ಡಾಕ್ಟರು ಹೆಣ್ಣುಮಗಳು. ಅವರು ನನ್ನನ್ನು ಏನೂ ಕೇಳಲಿಲ್ಲ, ಮಗಳನ್ನೇ ಕೇಳಿದರು, ಶಾಲೆಯಲ್ಲಿ ನೀರು ಕುಡಿಯುತ್ತೀಯಾ ಎಂದು. ಮಗಳು ನೆಲ ನೋಡಿದಳು. ಹೀಗೇ ಬಂದು ಬಂದು ಹೋದರೆ ಮುಂದೆ ಮೂತ್ರಪಿಂಡಕ್ಕೆ ಪೆಟ್ಟು ಎಂದರು ಡಾಕ್ಟರು. ಮನೆಗೆ ಬರುವ ದಾರಿಯಲ್ಲಿ, ರಿಕ್ಷಾದಲ್ಲಿ, ವಿಷಯ ಹೊರಬಿತ್ತು. ಶಾಲೆಯ ಹಳೆಯ ಸಂಡಾಸಿಗೆ ಚಿಲಕವಿಲ್ಲ, ನೀರಿಲ್ಲ. ಒಬ್ಬಳು ಹೋದರೆ ಇನ್ನೊಬ್ಬಳು ಹೊರಗೆ ನಿಂತು ಬಾಗಿಲು ಹಿಡಿಯಬೇಕು, ಗಂಡು ಹುಡುಗರು ಬಂದು ಆ ಬಾಗಿಲನ್ನು ದೂಡುತ್ತಾರೆ. ಆದ್ದರಿಂದ ಹುಡುಗಿಯರು ನೀರನ್ನೇ ಕುಡಿಯುವುದಿಲ್ಲ. ಯಾರೂ ಕುಡಿಯುವುದಿಲ್ಲ ಮಮ್ಮಿ, ಎಂದಳು, ಇದರಲ್ಲೇನು ವಿಶೇಷ ಎಂಬಷ್ಟು ಸಹಜವಾಗಿ.

ನಮ್ಮ ಮನೆಯವರು ಆ ರಾತ್ರಿಯೇ ನಿರ್ಧಾರ ಮಾಡಿಬಿಟ್ಟರು. ವರ್ಷ ಮುಗಿಯುವುದರೊಳಗೆ ಇದು ಸರಿಹೋಗದಿದ್ದರೆ ಮಗಳನ್ನು ಬಿಡಿಸಿ ಖಡಕಿಗೆ, ತಮ್ಮನ ಮನೆಗೆ ಕಳಿಸುವುದು, ಗಟ್ಟಿ ಗೇಟಿನ ಶಾಲೆಗೆ. ಮಗಳು ಊಟ ಬಿಟ್ಟು ಅತ್ತಳು. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ಗಂಡ, ಮಗಳು, ಮೈದುನ ಮೂವರ ಮೇಲೂ ಮಾಡಿದೆ.

ಇನ್ನು ತಲೆ ಕೆಡುವ ಮಾತು ಕೇಳಿ. ಆ ಶಾಲೆಯಲ್ಲಿ ಹುಡುಗಿಯರಿಗಾಗಿಯೇ ಕಟ್ಟಿಸಿದ ಹೊಸ ಸಂಡಾಸು ಇತ್ತು. ನೆಲಕ್ಕೆ ಹಾಸಿದ ಬಿಳಿ ಫರಶಿ, ನಳ, ಒಳಗಿನಿಂದ ಹಾಕುವ ಗಟ್ಟಿ ಚಿಲಕ, ಎಲ್ಲ ಇತ್ತು. ಹೊರಗಿನಿಂದ ಜಡಿದ ಅಂಗೈಯಗಲದ ಬೀಗವೂ ಇತ್ತು, ನಮ್ಮ ಕಡೆಯ ಮಾತಿನಲ್ಲಿ ಕೀಲಿ. ಕಟ್ಟಿದಾಗಿನಿಂದ ಅದನ್ನು ಯಾವ ಹುಡುಗಿಯೂ ಬಳಸಿರಲಿಲ್ಲ.

ಆ ಕೀಲಿಗೋಸ್ಕರ ನಾನು ಶಾಲೆಯ ವ್ಯವಸ್ಥಾಪನ ಸಮಿತಿಗೆ ಸೇರಿದೆ. ಪಾಲಕರಲ್ಲಿ ಹೆಂಗಸರು ಬೇಕಾಗಿದ್ದರು, ಯಾರೂ ಒಪ್ಪುತ್ತಿರಲಿಲ್ಲ, ನಾನು ಕೈ ಎತ್ತಿದೆ. ಸಭೆಯಲ್ಲಿ ಗೋಡೆಗೆ ಯಾವ ಬಣ್ಣ, ಗಣರಾಜ್ಯೋತ್ಸವಕ್ಕೆ ಲೌಡ್ ಸ್ಪೀಕರು ಯಾರದು, ಒಣ ಕಸದ ಡಬ್ಬಿ ನೀಲಿಯೋ ಹಸಿರೋ, ಇವುಗಳ ಮೇಲೆ ಚಹಾ ಆರುವತನಕ ಚರ್ಚೆ. ನಾನು ಸಂಡಾಸು ಎಂದ ಕೂಡಲೇ ಸಮಿತಿಯ ಗಂಡಸರು ಮೊಬೈಲು ನೋಡತೊಡಗುತ್ತಿದ್ದರು. ಶಾಲೆಯ ಗೋಡೆಯ ಮೇಲೆ ಒಬ್ಬ ಹುಡುಗಿ ನಗುನಗುತ್ತ ನಳದ ಕೆಳಗೆ ಕೈ ತೊಳೆಯುವ ಚಿತ್ರ ಬರೆಸಿದ್ದಾರೆ. ಅದರ ಕೆಳಗಿನ ನಿಜವಾದ ನಳದಲ್ಲಿ ಜೇಡ ಬಲೆ ಕಟ್ಟಿತ್ತು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ.

ಮುಖ್ಯಾಧ್ಯಾಪಕಿ ಕೆಟ್ಟವರಾಗಿದ್ದರೆ ನನಗೆ ಸುಲಭವಿತ್ತು. ಆದರೆ ಅವರು ಒಳ್ಳೆಯವರು. ಅಕ್ಕಲಕೋಟೆ ಕಡೆಯವರು, ಮನೆಮಾತು ಕನ್ನಡ. ಶಾಲೆಯಲ್ಲಿ ಎಲ್ಲರೊಂದಿಗೂ ಮರಾಠಿ, ನನ್ನೊಬ್ಬಳ ಜೊತೆ ಮಾತ್ರ ದನಿ ತಗ್ಗಿಸಿ ಕನ್ನಡ, ತವರಿನವಳು ಸಿಕ್ಕಂತೆ. ಸಣ್ಣ ಮಕ್ಕಳ ಮೂಗು ಒರೆಸುವವರು, ತಿಂಡಿ ತರದವರಿಗೆ ತಮ್ಮ ಡಬ್ಬಿ ಬಿಚ್ಚುವವರು. ಅಂಥವರು ಕೀಲಿಯ ಮಾತು ಬಂದರೆ ಕಲ್ಲಾಗುತ್ತಿದ್ದರು.

“ಅಕ್ಕಾರ, ನಿಮಗ ತಿಳಿಯೂದಿಲ್ಲ. ಒಮ್ಮೆ ತೆಗದ್ರ ಎಂಟ ದಿನದಾಗ ಫರಶಿ ಒಡೀತಾವ, ನಳಾ ಕಿತ್ಕೊಂಡ ಹೋಗ್ತಾರ. ಮತ್ತ ಯಾರೂ ಕಟ್ಟಿಸಿ ಕೊಡೂದಿಲ್ಲ. ತಪಾಸಣಿಗೆ ಬಂದಾಗ ನಾ ಏನ್ ತೋರಸ್ಲಿ?”

“ತಪಾಸಣಿಗೆ ಬಂದವ್ರು ಸಂಡಾಸಕ್ಕ ಹೋಗಾಕ ಬರ್ತಾರೇನ್ರಿ ಬಾಯಾರ?”

ಅವರು ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಹೊಸ ಸೋಫಾದ ಪ್ಲಾಸ್ಟಿಕ್ಕು ತೆಗೆಯದೆ, ಬಂದವರನ್ನೆಲ್ಲ ನೆಲದ ಮೇಲೆ ಕೂರಿಸುವ ಜನ ನಮ್ಮಲ್ಲಿದ್ದಾರೆ. ಅವರ ಸೋಫಾ ಅವರಿಗೆ, ನಮ್ಮ ಗಂಟೇನು ಹೋಯಿತು. ಇಲ್ಲಿ ಹೋಗುತ್ತಿದ್ದದ್ದು ನನ್ನ ಮಗಳ ಆರೋಗ್ಯ. ಪ್ರತಿ ಸಭೆಯಲ್ಲೂ ಹೇಳಿದೆ, ಪ್ರತಿ ಸಭೆಯಲ್ಲೂ ಅವರು ತಪಾಸಣೆ ಮುಗಿಯಲಿ ಅಕ್ಕಾರ ಎಂದರು.

ಕಡೆಗೂ ತಪಾಸಣೆ ಬಂತು. ಶಾಲೆಗೆ ಅಂಕ ಕೊಡಲು ಮೇಲಿನಿಂದ ಒಬ್ಬ ಅಧಿಕಾರಿ ಮೇಡಂ ಬರುವವರಿದ್ದರು. ಪಾಲಕರ ಪರವಾಗಿ ನನ್ನನ್ನು ಕರೆದರು, ವಿದ್ಯಾರ್ಥಿಗಳ ಪರವಾಗಿ, ಚೂಟಿ ಹುಡುಗಿಯೆಂದು, ನನ್ನ ಮಗಳನ್ನೇ ಆರಿಸಿದರು. ಬೆಳಿಗ್ಗೆ ಹೋಗಿ ನೋಡುತ್ತೇನೆ, ಅಂಗಳದ ತುಂಬ ರಂಗೋಲಿ, ಫಿನೈಲಿನ ವಾಸನೆ. ಹೊಸ ಸಂಡಾಸಿನ ಕೀಲಿ ತೆಗೆದಿತ್ತು. ಒಳಗೆ ಹೊಸ ಮಗ್ಗು, ಹೊಸ ಸಾಬೂನು. ಬಾಗಿಲಲ್ಲಿ ಒಬ್ಬ ಬಾಯಿಯವರು ಕಾವಲು ನಿಂತಿದ್ದರು. ಏಳನೆಯ ತರಗತಿಯ ಹುಡುಗಿಯೊಬ್ಬಳು ಒಳಗೆ ಹೋಗಲು ಬಂದಳು. ಮೇಡಂ ನೋಡಿಹೋಗಲಿ, ಅಲ್ಲಿಯತನಕ ಹಳೆಯದಕ್ಕೆ ಹೋಗು ಎಂದು ಅವಳನ್ನು ತಿರುಗಿಸಿ ಕಳಿಸಿದರು. ಅವಳು ಹಳೆಯದಕ್ಕೂ ಹೋಗಲಿಲ್ಲ, ಸೀದಾ ತರಗತಿಗೆ ಹೋಗಿ ಕೂತಳು. ನಾನು ಹಲ್ಲು ಕಚ್ಚಿ ನಿಂತೆ. ಅಲ್ಲೇ ಬಾಯಿ ತೆಗೆದಿದ್ದರೆ ನನ್ನ ಬಾಯಿಂದ ಒಳ್ಳೆಯ ಮಾತು ಬರುತ್ತಿರಲಿಲ್ಲ.

ಅಧಿಕಾರಿ ಮೇಡಂ ಐವತ್ತರ ಆಸುಪಾಸಿನವರು, ಕಾಟನ್ ಸೀರೆ, ಬಳಲಿದ ಮುಖ. ತರಗತಿಗಳನ್ನು ನೋಡಿದರು, ಮಕ್ಕಳಿಗೆ ಪ್ರಶ್ನೆ ಕೇಳಿದರು, ಸಂಡಾಸಿನ ಬಾಗಿಲಲ್ಲಿ ನಿಂತು ಇಣುಕಿ ತಲೆಯಾಡಿಸಿದರು. ಆಮೇಲೆ ನಾವೆಲ್ಲ ಮುಖ್ಯಾಧ್ಯಾಪಕಿಯ ಕೋಣೆಯಲ್ಲಿ ಕೂತೆವು. ಸಮಿತಿಯ ಗಂಡಸರು ಚಹಾ ಮುಗಿಸಿ ಹೊರಗೆ ಹೋಗಿದ್ದರು. ಒಳಗೆ ಉಳಿದವರು ಮೇಡಂ, ಮುಖ್ಯಾಧ್ಯಾಪಕಿ, ನಾನು, ಮಗಳು. ಮಗಳು ಅರಿಶಿನದ ಕಾಗದದ ಪ್ರಯೋಗವನ್ನು ಮರಾಠಿಯಲ್ಲಿ ಪಟಪಟನೆ ವಿವರಿಸಿದಳು. ಮೇಡಂ ಮುಖ ಅರಳಿತು. ಆಮೇಲೆ ನನ್ನ ಕಡೆ ತಿರುಗಿ, ಪಾಲಕರ ಅಭಿಪ್ರಾಯವೇನು ಎಂದು ಮರಾಠಿಯಲ್ಲೇ ಕೇಳಿದರು.

ನಾನೂ ಮರಾಠಿಯಲ್ಲೇ ಶುರು ಮಾಡಿದೆ. ಶಾಲೆ ಒಳ್ಳೆಯದು, ಕಲಿಸುವವರು ಒಳ್ಳೆಯವರು, ಆದರೆ ಮೇಡಂ, ನೀವು ಈಗ ನೋಡಿದ ಆ ಸಂಡಾಸು...

ಮುಖ್ಯಾಧ್ಯಾಪಕಿ ಮುಖದ ನಗು ಕೆಡಿಸದೆ, ಮೇಜಿನ ಮೇಲಿದ್ದ ಹೂವು ಸರಿಪಡಿಸುತ್ತ, ಕನ್ನಡದಲ್ಲಿ ಹೇಳಿದರು. “ಅಕ್ಕಾರ, ಕೈ ಮುಗೀತೀನಿ, ಆ ಮಾತ ಈಗ ತೆಗೀಬ್ಯಾಡ್ರಿ. ಆಕಿ ಇನ್ನ ಅರ್ಧಾ ತಾಸಿಗೆ ಹೋಗ್ತಾಳ. ಸಂಜಿಗೆ ಕೀಲಿ ಹಾಕಿ ಕೂತ ಮಾತಾಡೂಣು.”

“ಸಂಜಿಗೆ ಕೀಲಿ ಯಾಕ ಹಾಕ್ತೀರಿ?” ಎಂದರು ಅಧಿಕಾರಿ ಮೇಡಂ. ಅಚ್ಚ ಕನ್ನಡದಲ್ಲಿ.

ಪುಣೆಯ ಕನ್ನಡಿಗರಿಗೆ ಇದೊಂದು ರೋಗ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಎದುರಿಗಿದ್ದವರಿಗೆ ತಿಳಿಯುವುದಿಲ್ಲ ಎಂದುಕೊಂಡು ಅವರ ಬಗ್ಗೆಯೇ ಕನ್ನಡದಲ್ಲಿ ಆಡಿಕೊಳ್ಳುತ್ತೇವೆ. ಈ ಊರಿನಲ್ಲಿ ಅರ್ಧ ಜನ ಗಡಿಯಿಂದಲೇ ಬಂದವರು ಎಂಬುದು ಮಾತು ಬಾಯಿಂದ ಜಾರಿದ ಮೇಲೆ ನೆನಪಾಗುತ್ತದೆ. ಮುಖ್ಯಾಧ್ಯಾಪಕಿಯ ಕೈಯಲ್ಲಿದ್ದ ಹೂವು ಕೈಯಲ್ಲೇ ಉಳಿಯಿತು.

“ನಮ್ಮೂರ ಗಡಿ ಮ್ಯಾಲಿನ ಜತ್ತ,” ಎಂದರು ಮೇಡಂ. “ನೀವ್ ಹೇಳ್ರಿ ಅಕ್ಕಾರ.”

ಹೇಳಿದೆ. ಕನ್ನಡದಲ್ಲೇ ಹೇಳಿದೆ, ಒಂದನ್ನೂ ಬಿಡಲಿಲ್ಲ. ಚಿಲಕವಿಲ್ಲದ ಬಾಗಿಲು, ಅದನ್ನು ದೂಡುವ ಹುಡುಗರು, ಮಗಳ ಚಳಿಜ್ವರ, ಡಾಕ್ಟರ ಮಾತು, ಅವಳನ್ನು ಶಾಲೆ ಬಿಡಿಸುತ್ತೇನೆಂದು ಕೂತ ಅವಳಪ್ಪ. ಮಗಳು ನಾಚಿಕೆಯಿಂದ ನನ್ನ ಸೆರಗು ಜಗ್ಗಿದಳು. ನಾನು ನಿಲ್ಲಿಸಲಿಲ್ಲ. “ಫರಶಿ ಒಡದ್ರ ಹೊಸಾ ಫರಶಿ ಹಾಕ್ಬಹುದ್ರಿ. ಇಕಿ ಕಿಡ್ನಿ ಎಲ್ಲಿಂದ ತರ್ಲಿ?” ಎಂದೆ. ನನ್ನ ದನಿ ಎತ್ತರವಾಗಿತ್ತು, ಹೊರಗೆ ನಿಂತ ಗಂಡಸರು ಒಳಗೆ ಇಣುಕಿದರು.

ಮೇಡಂ ಕೈ ಚಾಚಿ ಕೀಲಿ ಕೇಳಿದರು. ಮುಖ್ಯಾಧ್ಯಾಪಕಿ ಡ್ರಾವರಿನಿಂದ ತೆಗೆದುಕೊಟ್ಟರು. ಮೇಡಂ ಅದನ್ನು ತಮ್ಮ ಪರ್ಸಿಗೆ ಹಾಕಿಕೊಂಡರು. “ಇವತ್ತಿನಿಂದ ಆ ಬಾಗಲಾ ತೆಗದಿರ್ಬೇಕು. ಒಡದ್ರ ಒಡೀಲಿ, ನನಗ ಹೇಳ್ರಿ. ಮುಂದಿನ ತಿಂಗಳ ಹೇಳದ ಕೇಳದ ಬರ್ತೀನಿ.”

“ಆತ್ರಿ,” ಎಂದರು ಮುಖ್ಯಾಧ್ಯಾಪಕಿ. ಪಾಪ, ಅವರ ಮುಖ ನೋಡಿ ನನಗೆ ಕೆಡುಕೆನಿಸಿತು, ಆದರೆ ಜಾಸ್ತಿ ಹೊತ್ತಲ್ಲ. ಗೆದ್ದೆ ಎಂಬ ಸಂತೋಷ ದೊಡ್ಡದಿತ್ತು. ಮಗಳು ಇದೇ ಶಾಲೆಯಲ್ಲಿ ಉಳಿಯುತ್ತಾಳೆ, ಮೈದುನನ ಗೇಟು ಮೈದುನನಿಗಿರಲಿ. ಆ ಸಂತೋಷದಲ್ಲಿಯೇ ಮೇಜಿನ ಮೇಲಿನ ಟ್ರೇಯಿಂದ ನೀರಿನ ಗ್ಲಾಸು ಎತ್ತಿ ಮೇಡಂ ಮುಂದಿಟ್ಟೆ. ಬಿಸಿಲಿನಲ್ಲಿ ಬಂದಿದ್ದರು, ತುಟಿ ಒಣಗಿತ್ತು. ಅವರು ಬೇಡವೆಂದು ಕೈ ಅಡ್ಡ ಹಿಡಿದರು.

“ಬ್ಯಾಡ್ರಿ. ಸಾಲಿ ನೋಡಾಕ ಬಂದ ದಿನಾ ನಾ ನೀರ ಕುಡ್ಯೂದಿಲ್ಲ. ಎಲ್ಲಿ ಹ್ಯಾಂಗಿರ್ತದೋ ಏನೋ. ಮನಿಗೆ ಹೋಗಿನ ಕುಡೀತೀನಿ. ಎಷ್ಟೋ ವರ್ಷದ ರೂಢಿ.”

ಮೂಲೆಯಲ್ಲಿ ನಿಂತ ನನ್ನ ಮಗಳ ಮುಖ ಅರಳಿತು. ದೊಡ್ಡವರೊಬ್ಬರು ತನ್ನ ಪಂಗಡದವರೆಂದು ಗೊತ್ತಾದ ಖುಷಿ. “ನಾನೂ ಹಂಗ ಮಾಡ್ತೀನ್ರಿ ಮೇಡಂ,” ಎಂದಳು.

“ಶಾಣ್ಯಾಕಿ ಅದೀ,” ಎಂದರು ಮೇಡಂ.

ಜಾಣೆ ಎಂಬ ಮಾತು ಬಾಯಿಂದ ಬಂದ ಮೇಲೆ ಅವರಿಗೇ ಏನೋ ಹೊಳೆದಿರಬೇಕು. ಪೆನ್ನಿನ ಮುಚ್ಚಳ ತಿರುವುತ್ತ ಕೂತರು. ಟ್ರೇಯಲ್ಲಿದ್ದ ಗ್ಲಾಸುಗಳಲ್ಲಿ ಒಂದನ್ನೂ ಆ ಕೋಣೆಯ ಹೆಂಗಸರು ಬಾಯಿಗೆ ಇಟ್ಟಿರಲಿಲ್ಲ. ನನಗೆ ತಡೆಯದಷ್ಟು ಸಿಟ್ಟು ಬಂತು. ಯಾರ ಮೇಲೆ ಎಂದು ಈಗಲೂ ಹೇಳಲಾರೆ. ಮೇಡಂ ಬೇಡವೆಂದ ಗ್ಲಾಸನ್ನು ಮಗಳ ಕೈಗೆ ಕೊಟ್ಟೆ.

“ಬಾಗಲಾ ತೆಗದದ. ಇನ್ನ ಕೀಲಿ ಇಲ್ಲ. ಕುಡಿ.”

ಅವಳು ಗ್ಲಾಸು ಹಿಡಿದುಕೊಂಡಳು. ತುಟಿಗೆ ತರುವ ಮೊದಲು ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದಳು. ಶಾಲೆ ಬಿಡಲು ಇನ್ನೂ ಎರಡು ತಾಸಿತ್ತು. “ಮನಿಗೆ ಹೋಗಿ ಕುಡೀತೀನಿ ಮಮ್ಮಿ,” ಎಂದು ಗ್ಲಾಸನ್ನು ಒಂದು ಹನಿಯೂ ಚೆಲ್ಲದಂತೆ ಮೇಜಿನ ಮೇಲೆ ಇಟ್ಟಳು.