ಧಕ್ಕೆಯಾಚೆಯ ಜೆನೋವಾ

ಪೋರ್ತೊ ತೊರ್ರೆಸ್‌ನಿಂದ ಕಡಲಾಚೆಯ ಜೆನೋವಾ ನಗರಕ್ಕೆ ಹೋಗುವ ಫೆರಿ ಹಡಗಿನಲ್ಲಿ ಬಕೀಸಿಯೊ ಮೂವತ್ತೊಂದು ವರ್ಷ ಹಗ್ಗ ಎಸೆಯುವ ಕೆಲಸ ಮಾಡಿದ. ಬೆಳಿಗ್ಗೆ ಏಳಕ್ಕೆ ಹಡಗು ಜೆನೋವಾ ಬಂದರಿನ ಧಕ್ಕೆಗೆ ತಾಗುತ್ತಿತ್ತು. ಹಗ್ಗ ಬಿಗಿದು, ಲಾರಿಗಳನ್ನು ಇಳಿಸಿ, ಅವು ನಿಂತಿದ್ದ ಅಂತಸ್ತನ್ನು ತೊಳೆಯುವಷ್ಟರಲ್ಲಿ ಮಧ್ಯಾಹ್ನ. ಆಮೇಲೆ ಕಿಟಕಿಯಿಲ್ಲದ ಕೋಣೆಯಲ್ಲಿ ನಿದ್ದೆ. ಸಂಜೆ ಹಗ್ಗ ಬಿಚ್ಚಿ ಊರಿಗೆ ವಾಪಸು.

ಮದುವೆಯಾದ ಹೊಸತರಲ್ಲಿ ಹೆಂಡತಿ ಬೊನಾರಿಯ, ಜೆನೋವಾ ಹೇಗಿದೆ ಎಂದು ಕೇಳಿದ್ದಳು. ಧಕ್ಕೆ ಬಿಟ್ಟು ಒಂದು ಹೆಜ್ಜೆಯೂ ಆಚೆ ಇಟ್ಟಿಲ್ಲ ಎನ್ನಲು ನಾಚಿಕೆಯಾಗಿ, ಲಾರಿ ಚಾಲಕರು ಹೇಳಿದ್ದನ್ನೇ ತಾನು ಕಂಡಂತೆ ಹೇಳಿದ. ಆಮೇಲೆ ನಿಲ್ಲಿಸಲು ಆಗಲಿಲ್ಲ. ಅವನ ಕತೆಯಲ್ಲಿ ಎದುರಿನವರು ಬಂದರೆ ಭುಜ ತಿರುಗಿಸಬೇಕಾದ ಓಣಿಗಳು ಬಂದವು, ಕಪ್ಪು ಬಿಳಿ ಪಟ್ಟೆಯ ಕಲ್ಲಿನ ಇಗರ್ಜಿ ಬಂತು. ಕೊನೆಗೆ ಕಡಲೆಹಿಟ್ಟಿನ ರೊಟ್ಟಿ ಸುಡುವ ಅಂಗಡಿಯೂ, ಅದರ ಮುದುಕ ಯಜಮಾನನೂ ಬಂದರು. ಆ ಮುದುಕ ತನ್ನನ್ನು ಹೆಸರು ಹಿಡಿದು ಕರೆಯುತ್ತಾನೆ, ಅಂಚಿನ ಗರಿಗರಿ ತುಂಡನ್ನು ತನಗೆಂದೇ ಎತ್ತಿಡುತ್ತಾನೆ ಎಂದು ಬಕೀಸಿಯೊ ಹೇಳುತ್ತಿದ್ದ. ಲಾರಿಯವರಿಂದ ಕೇಳದೆ ಅವನೇ ಕಟ್ಟಿದ್ದು ಈ ಮುದುಕನೊಬ್ಬನನ್ನೇ.

ಗಂಡ ನಿವೃತ್ತನಾದ ಮೇಲೆ ಬೊನಾರಿಯ ಎರಡು ಟಿಕೆಟ್ ತಂದು, ಆ ಮುದುಕನ ಕೈಯ ರೊಟ್ಟಿ ತಿನ್ನದೆ ತಾನು ಸಾಯುವುದಿಲ್ಲ ಎಂದಳು. ಸಮುದ್ರ ಒರಟಾಗಿದೆ ಎಂದು ಅವನು ಹೇಳಿ ನೋಡಿದ. ಅವಳು ಕಿವಿಗೊಡಲಿಲ್ಲ. ಇದೊಂದು ಸುಳ್ಳೆಂದು ಗೊತ್ತಾದರೆ ತನ್ನ ಉಳಿದ ಮಾತನ್ನು ಅವಳು ನಂಬುತ್ತಾಳೆಯೇ ಎಂಬ ಚಿಂತೆಯಲ್ಲೇ ಅವನು ಹಡಗು ಹತ್ತಿದ.

ಜೆನೋವಾದ ಓಣಿಗಳಲ್ಲಿ ಅವನು ಮುಂದೆ, ಅವಳು ಹಿಂದೆ. ಒಂದೇ ಕಾರಂಜಿಯ ಮುಂದೆ ಮೂರನೇ ಸಲ ಬಂದಾಗ ಅವಳು ನಿಂತಳು.

“ಈ ಕಾರಂಜಿಗೂ ನೀನಂದ್ರೆ ಭಾರಿ ಪ್ರೀತಿ ಅಂತ ಕಾಣುತ್ತೆ. ಬಿಡ್ತಾನೇ ಇಲ್ಲ.”

ಅಷ್ಟರಲ್ಲಿ ಕಡಲೆಹಿಟ್ಟು ಬೇಯುವ ವಾಸನೆ ಬಂತು. ತಿರುವಿನಲ್ಲೊಂದು ಅಂಗಡಿಯಿತ್ತು. ಒಲೆಯ ಮುಂದಿದ್ದ ಯುವತಿ ಏನು ಬೇಕೆಂದು ಕೇಳಿದಳು, ಬಕೀಸಿಯೊನ ಮುಖವನ್ನೂ ಸರಿಯಾಗಿ ನೋಡಲಿಲ್ಲ. ರೊಟ್ಟಿ ಕೊಂಡು ಹೊರಗೆ ಬಂದ ಮೇಲೆ ಬೊನಾರಿಯ ಗಂಡನತ್ತ ತಿರುಗಿದಳು.

“ಮುದುಕ ತೀರಿಕೊಂಡ ಅಂತ ಕಾಣುತ್ತೆ,” ಎಂದು ಅವನು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

ಅವಳು ಶಿಲುಬೆಯ ಗುರುತು ಮಾಡಿಕೊಂಡಳು. ರೊಟ್ಟಿಯನ್ನು ಹಾಗೇ ಕಾಗದದಲ್ಲಿ ಸುತ್ತಿಟ್ಟಳು. ಇಷ್ಟು ವರ್ಷ ಗಂಡನ ಹೊಟ್ಟೆ ನೋಡಿಕೊಂಡವನಿಗೆ ಒಂದು ಮೇಣದಬತ್ತಿಯನ್ನಾದರೂ ಹಚ್ಚದೆ ಹೋಗಬಾರದು ಎನ್ನುತ್ತ ಎದುರಿನ ಇಗರ್ಜಿಯೊಳಗೆ ನಡೆದಳು. ಅಲ್ಲಿನ ಪೆಟ್ಟಿಗೆಯಿಂದ ಬತ್ತಿ ಕೈಗೆತ್ತಿಕೊಂಡು ಮೆಲ್ಲಗೆ ಕೇಳಿದಳು:

“ಅವನ ಹೆಸರೇನು?”

ಒಂದು ಹೆಸರು ಹುಟ್ಟಿಸುವುದು ಕಷ್ಟವಿರಲಿಲ್ಲ. ಆದರೆ ಅವಳ ಕಣ್ಣು ಒದ್ದೆಯಾಗಿತ್ತು. ಇಲ್ಲದ ಮನುಷ್ಯನಿಗಾಗಿ ಅವಳು ಪ್ರಾರ್ಥಿಸುವುದನ್ನು ನಿಂತು ನೋಡಲು ಅವನಿಂದಾಗಲಿಲ್ಲ.

“ಅಂಥವನು ಯಾರೂ ಇಲ್ಲ, ಬೊನಾರಿಯ. ನಾನು ಧಕ್ಕೆ ದಾಟಿದ್ದು ಇವತ್ತೇ ಮೊದಲು.”

ಅವಳು ಬೆಂಚಿನ ಮೇಲೆ ಕುಳಿತಳು. ಆಮೇಲೆ, ಹಾಗಿದ್ದರೆ ಅಷ್ಟು ವರ್ಷ ಮಧ್ಯಾಹ್ನ ಏನು ತಿನ್ನುತ್ತಿದ್ದೆ ಎಂದು ಕೇಳಿದಳು. ಹಡಗಿನ ಅಡುಗೆಮನೆಯಲ್ಲಿ ಮಿಕ್ಕ ತಣ್ಣಗಿನ ಪಾಸ್ತಾ, ಮಂಚದ ಮೇಲೆ ಒಬ್ಬನೇ ಕೂತು, ಎಂದ ಅವನು.

“ಅದನ್ನೇ ಹೇಳಬಹುದಿತ್ತಲ್ಲೋ, ಪೆದ್ದ. ಮನೆಯಿಂದ ಏನಾದ್ರೂ ಕಟ್ಟಿಕೊಡ್ತಿದ್ದೆ.”

ಬತ್ತಿಯನ್ನು ಹಚ್ಚದೆ ಮತ್ತೆ ಪೆಟ್ಟಿಗೆಯಲ್ಲಿಟ್ಟಳು. ಹೊರಗೆ ಬಂದ ಮೇಲೆ ಅವಳೇ ಮುಂದೆ ನಡೆದಳು, ಸಿಕ್ಕವರನ್ನೆಲ್ಲ ದಾರಿ ಕೇಳುತ್ತ. ಸಂಜೆಯವರೆಗೂ ಅವನೊಂದಿಗೆ ಮಾತಾಡಲಿಲ್ಲ. ಮೆಟ್ಟಿಲು ಬಂದಲ್ಲಿ ಮಾತ್ರ, ಹಿಂದೆ ತಿರುಗಿ ನೋಡದೆಯೇ, ಅವನು ಹತ್ತಿ ಬರುವವರೆಗೆ ನಿಲ್ಲುತ್ತಿದ್ದಳು.