ಕೀಳಬಾರದ ಎಳನೀರು

ನೀರು ತೆಗೆದುಕೊಂಡು ಹೋಗಬೇಕೆಂದು ನಮ್ಮ ನಾಲ್ವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ತಿಪಟೂರಿನ ಸುತ್ತ ಯಾರಿಗೂ ಹೊಳೆಯುತ್ತಿರಲಿಲ್ಲ. ಎತ್ತ ನೋಡಿದರೂ ತೆಂಗಿನ ತೋಟ, ತೋಟಕ್ಕೊಂದು ಬಾವಿ. ನೀರು ಹೊತ್ತು ಹೊರಟವರನ್ನು ಕಂಡರೆ ನಮ್ಮ ಕಡೆ ನಗುತ್ತಿದ್ದರು.

ಎಂಬತ್ತರ ದಶಕದ ಆರಂಭದ ಒಂದು ಜೂನ್. ನನ್ನ ಬಿ.ಎ. ಫಲಿತಾಂಶ ಬಂದಿತ್ತು. ಮೈಸೂರಿನಲ್ಲಿ ಎಂ.ಎ. ಓದಲು ಅರ್ಜಿ ತರಿಸಿ, ತಂದೆಯ ಸಹಿ ಬೇಕಾದ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿ ಅಪ್ಪನ ಮುಂದಿಟ್ಟಿದ್ದೆ. ಅವರು ಓದಿ, ಮಡಿಚಿ, ದೇವರ ಪಟದ ಹಿಂದೆ ಸಿಕ್ಕಿಸಿದರು. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಎರಡನೆಯ ಸಲ ಕೇಳುವುದು ನನ್ನಿಂದಾಗಲಿಲ್ಲ. ಕೊನೆಯ ದಿನಕ್ಕೆ ಒಂದು ವಾರ ಉಳಿದಿತ್ತು.

ಗುಡ್ಡಕ್ಕೆ ಹೊರಡಿಸಿದ್ದು ಅತ್ತೆ. ಅಪ್ಪನ ಅಕ್ಕ, ನಮ್ಮ ಮನೆಯಲ್ಲೇ ಇದ್ದರು. "ವರ್ಷವೆಲ್ಲ ಮನೆ, ತೋಟ, ಅಟ್ಟ. ಒಂದಿನ ಗಾಳಿ ಕುಡ್ಕೊಂಡು ಬರಾನ ನಡೀರಿ" ಎಂದು ಅಪ್ಪನನ್ನೂ ಎಬ್ಬಿಸಿದರು. ಅವ್ವ ಚಿತ್ರಾನ್ನ ಕಲಸಿದಳು. ಬಸ್ಸಿನಲ್ಲಿ ಶೆಟ್ಟಿಕೆರೆಗೆ ಹೋಗಿ, ಅಲ್ಲಿಂದ ನಡೆದು, ಊರಾಚೆಯ ಬೋಳುಗುಡ್ಡ ಹತ್ತಿದೆವು.

ಕೆಲಸವಿಲ್ಲದೆ ಕುಳಿತ ಅಪ್ಪನನ್ನು ನಾನು ಅಂದೇ ಮೊದಲು ನೋಡಿದ್ದು. ಚಪ್ಪಲಿ ಬಿಟ್ಟು, ಬಂಡೆಯ ಮೇಲೆ ಟವೆಲ್ ಹಾಸಿ, ಕೆಳಗಿನ ತೋಟಗಳನ್ನು ಗರಿಯ ಬಣ್ಣದಿಂದಲೇ ಅಳೆಯುತ್ತಿದ್ದರು: ಇದಕ್ಕೆ ನೀರು ಸಾಲದು, ಅದಕ್ಕೆ ಗೊಬ್ಬರ ಬಿದ್ದಿದೆ. ಚಿತ್ರಾನ್ನಕ್ಕೆ ಹಸಿಮೆಣಸಿನಕಾಯಿ ಹೆಚ್ಚಾಗಿತ್ತು. ಅತ್ತೆಗೆ ಬಿಕ್ಕಳಿಕೆ ಶುರುವಾಯಿತು. ನೀರು ಹುಡುಕಿಕೊಂಡು ಕೆಳಗಿಳಿದೆವು.

ಗುಡ್ಡದ ಬುಡದ ತೋಟದಲ್ಲಿ ಬಾವಿಯೇನೋ ಇತ್ತು. ಪಂಪ್‌ಸೆಟ್ ಬಂದ ಮೇಲೆ ರಾಟೆ, ಹಗ್ಗ ತೆಗೆದುಹಾಕಿದ್ದರು. ಆ ಹೊತ್ತಿನಲ್ಲಿ ಕರೆಂಟ್ ಇರಲಿಲ್ಲ. ನಾಲ್ವರೂ ಬಗ್ಗಿ, ಆಳದಲ್ಲಿ ಹೊಳೆಯುತ್ತಿದ್ದ ನೀರನ್ನು ನೋಡಿದೆವು.

ತಲೆಯ ಮೇಲೆ ಗೊನೆಗೊನೆ ಎಳನೀರು. ಅಪ್ಪ ಒಮ್ಮೆ ಮೇಲೆ ನೋಡಿ, ನೆಲ ನೋಡಿದರು. ಕೊಬ್ಬರಿ ಮಾಡುವವರು ಎಳನೀರು ಕೀಳುವುದಿಲ್ಲ. ಕಾಯಿ ಬಲಿತು, ಅಟ್ಟ ಸೇರಿ, ಹತ್ತಿರಹತ್ತಿರ ಒಂದು ವರ್ಷ ಒಳಗೇ ನೀರು ಇಂಗಿದರೆ ಕೊಬ್ಬರಿ. ಎಳನೀರಿಗೆ ಮಚ್ಚು ಹಾಕಿದರೆ ಆ ಕೊಬ್ಬರಿ ಇಲ್ಲ. ನಮ್ಮ ಮನೆಯಲ್ಲಿ ಜ್ವರ ಬಂದವರಿಗೆ ಮಾತ್ರ ಎಳನೀರು. ತಾನು ಕೊಡದಿದ್ದುದನ್ನು ಇನ್ನೊಬ್ಬರ ತೋಟದಲ್ಲಿ ಹೇಗೆ ಕೇಳುವುದು?

"ಕೇಳೋ ತಮ್ಮ, ಹಿಕ್... ಬಾಯಿ ಸವೆಯಲ್ಲ" ಎಂದರು ಅತ್ತೆ.

"ಬಸ್ ಸ್ಟಾಂಡಲ್ಲಿ ಕುಡಿಯಾನ ಬುಡು."

"ಅಲ್ಲಿಗಂಟ ನಾನು ಇದ್ರೆ ತಾನೇ!"

ತೋಟದ ಅಂಚಿನಲ್ಲಿ ಒಬ್ಬ ಅಜ್ಜಿ ಗರಿ ಸೀಳುತ್ತಾ ಕೂತಿದ್ದರು. ನಾನು ಅಪರಿಚಿತರ ಬಳಿ ಊರಿನ ದಾರಿ ಕೇಳಲೂ ಹಿಂಜರಿಯುವವಳು. ಯಾಕೆ ಹೋದೆನೋ, ಹೋದೆ.

"ಅಜ್ಜಿ, ನಮ್ಮತ್ತೆಗೆ ಬಿಕ್ಕಳಿಕೆ. ಕುಡಿಯೋಕೆ ಒಂದು ಎಳನೀರು ಕೊಡ್ತೀರಾ?"

ಅಜ್ಜಿ ನನ್ನನ್ನು ನೋಡಿ, ದೂರದಲ್ಲಿ ನಿಂತ ಅಪ್ಪನನ್ನು ನೋಡಿದರು. "ಅವರು ನಿಮ್ಮಪ್ಪನಾ? ಅವರಿಗೆ ಬಾಯಿಲ್ವೇನವ್ವಾ?"

"ಅವರೂ ಕೊಬ್ಬರಿಯೋರು."

ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಕ್ಕುಬಿಟ್ಟರು. "ಹಂಗನ್ನು ಮತ್ತೆ! ನಮ್ಮನೆಯೋರೂ ಹಂಗೇ ಕಣವ್ವ. ಆದ್ರೆ ದಾರಿ ಮಗ್ಗುಲಿನ ಈ ಗಿಡ್ಡ ಮರ ನಂದು. ಇದರ ಕಾಯಿ ಅಟ್ಟ ಹತ್ತಲ್ಲ. ಬಾಯಾರಿ ಬಂದೋರಿಗೇ ಅಂತ ಬುಟ್ಟಿದೀನಿ." ದೋಟಿ ತಂದು ತಾವೇ ನಾಲ್ಕು ಕಿತ್ತು, ಕೆತ್ತಿ, ಮೊದಲನೆಯದನ್ನು ನನ್ನ ಕೈಗೇ ಕೊಟ್ಟರು. "ಕೇಳಿದೋಳು ನೀನು, ಕುಡಿ."

ನಾನು ಅದನ್ನು ಅತ್ತೆಗೆ ದಾಟಿಸಿದೆ. ಅಪ್ಪ ತಮ್ಮದನ್ನು ತಲೆಯೆತ್ತಿ ಒಂದೇ ಉಸಿರಿಗೆ ಕುಡಿದು, ಗಲ್ಲ ಒರೆಸಿಕೊಂಡು, ಜೇಬಿಗೆ ಕೈ ಹಾಕಿದರು.

"ಜೇಬಿಂದ ಕೈ ತೆಗೀರಪ್ಪ. ಮಗಳು ಚೆಂದಾಗಿ ಕೇಳಿದ್ಲು, ಕೊಟ್ಟೆ, ಅಷ್ಟೇಯ" ಎಂದರು ಅಜ್ಜಿ.

ವಾಪಸು ಬಂದು ಊರಿನಲ್ಲಿ ಬಸ್ಸಿಳಿದ ಮೇಲೆ ಅಪ್ಪ ಮನೆಗೆ ಬರದೆ ತೋಟದ ಕಡೆ ತಿರುಗಿದರು. ಇನ್ನೂ ಬೆಳಕಿತ್ತು. ನಾವು ಕಾಲು ತೊಳೆದು ಜಗುಲಿಯಲ್ಲಿ ಕೂತಿದ್ದಾಗ ಬಂದರು, ಕೈಯಲ್ಲಿ ಕೆತ್ತಿದ ಒಂದು ಎಳನೀರು. ನನ್ನ ಮುಂದೆ ಹಿಡಿದರು.

"ಜ್ವರವಾ ಅವಳಿಗೆ?" ಅವ್ವ ಗಾಬರಿಯಿಂದ ನನ್ನ ಹಣೆ ಮುಟ್ಟಿದಳು.

"ಜ್ವರ ಇಲ್ಲ, ಏನಿಲ್ಲ. ಮೈಸೂರಲ್ಲಿ ಇದನ್ನ ಕಾಸು ಕೊಟ್ಟು ಕುಡೀಬೇಕು. ಇರೋಗಂಟ ಇಲ್ಲೇ ಕುಡೀಲಿ" ಎಂದು ಒಳಗೆ ಹೋದರು. ದೇವರ ಪಟ ಗೋಡೆಗೆ ತಗುಲಿದ ಸದ್ದು ಕೇಳಿಸಿತು. ಆಮೇಲೆ, "ಪೆನ್ ಎಲ್ಲವ್ವಾ?" ಎಂಬ ಕೂಗು.

"ನಂಗೆಲ್ಲೋ ಎಳನೀರು?" ಎಂದರು ಅತ್ತೆ.

"ನಿಂಗೆ ಬಿಕ್ಕಳಿಕೆ ನಿಂತೈತಲ್ಲ!" ಎಂದರು ಅಪ್ಪ ಒಳಗಿನಿಂದಲೇ.

ಪೆನ್ನು ಕೊಟ್ಟು ಬಂದು ಜಗುಲಿಯಲ್ಲಿ ಕೂತೆ. ಬಾಯಾರಿಕೆ ಆಗಲೇ ತೀರಿತ್ತು. ಆದರೂ ಒಂದು ಹನಿ ಉಳಿಸದೆ, ನಿಧಾನವಾಗಿ, ಅಷ್ಟನ್ನೂ ಕುಡಿದೆ.